ಸೋತ ಆಟ ನೋಡಿ ಓಪನಿಂಗ್ ಬದಲಾಯಿಸಬೇಕಾ?

ಚೆಸ್‌ನಲ್ಲಿ ಕಪ್ಪು ಕಾಯಿ ಹಿಡಿದು ಸೋತ ಆಟಗಳನ್ನು ಎಂಜಿನ್‌ಗೆ, ಅಂದರೆ ಆಟ ಅಳೆದು ಹೇಳುವ ಪ್ರೋಗ್ರಾಮಿಗೆ, ಹಾಕಿದರೆ ಓಪನಿಂಗ್‌ನಲ್ಲೇ (ಆಟದ ಮೊದಲ ನಡೆಗಳಲ್ಲೇ) ಹಿಂದೆ ಬಿದ್ದದ್ದು ಕಾಣುತ್ತದೆ, ಬೇರೆ ಯಾವುದು ಕಲಿಯಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಇದೇ ಹುಚ್ಚಿನಲ್ಲಿ ನಾನು ಒಂದು ವರ್ಷ ಕಳೆದಿದ್ದೇನೆ.

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಒಂದು ಟೂರ್ನಮೆಂಟ್. ನಾನು ಟೂ ನೈಟ್ಸ್ ಅನ್ನುವ ಓಪನಿಂಗ್ ಆಡಿದ್ದೆ. ಎದುರಿನ ಹುಡುಗ ನಾಲ್ಕನೇ ನಡೆಗೇ ಕುದುರೆಯನ್ನು ಜಿ5 ಮನೆಗೆ ತಂದ. ನಾನು ಪಾನ್ (ಕಾಲಾಳು) ಡಿ5ಕ್ಕೆ ತಳ್ಳಿದೆ, ಅವನು ಅದನ್ನು ಹೊಡೆದ, ನಾನು ಕುದುರೆಯನ್ನು ಎ5ಕ್ಕೆ ಹಾರಿಸಿದೆ. ಒಂದು ಪಾನ್ ಹೋಗುತ್ತದೆ, ಬದಲಿಗೆ ಕಾಯಿಗಳು ಬೇಗ ಹೊರಬರುತ್ತವೆ. ಹಳೆಯ ದಾರಿಯೇ. ಸೋತೆ. ಡೊಂಬಿವಲಿ ಲೋಕಲ್ ರೈಲಿನಲ್ಲಿ ನೇತಾಡುತ್ತಲೇ ಫೋನಿನಲ್ಲಿ ಎಂಜಿನ್ ಹಚ್ಚಿದೆ. ಹತ್ತನೇ ನಡೆಗೆ ಬಿಳಿಗೆ ಸ್ವಲ್ಪ ಮೇಲುಗೈ ಅಂದಿತು. ಮುಂದೆ ನೋಡಲೇ ಇಲ್ಲ. ಮರುದಿನದಿಂದ ಬೇರೆ ಓಪನಿಂಗ್, ಕಾರೋ-ಕಾನ್!

ತಿಂಗಳುಗಳಾದ ಮೇಲೆ ಮಾಟುಂಗದ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವ ನನ್ನ ಮಾವ ಆ ಆಟದ ನಡೆಗಳನ್ನು ಬರೆದಿಟ್ಟ ಶೀಟ್ ಕೇಳಿದರು. ಕಾರ್ಬನ್ ಕಾಪಿ, ಅರ್ಧ ಅಳಿಸಿಹೋಗಿತ್ತು. "ಫೋನ್ ಒಳಗಿಡು ಮಾರಾಯ. ಕೊನೆಯ ಸಾಲು ಓದು" ಅಂದರು.

ಕೊನೆಗೆ ಉಳಿದದ್ದು ಇಷ್ಟೇ: ಅವನ ಪಾನ್ ಇ6ರಲ್ಲಿ, ರಾಜ ಅದರ ಬೆನ್ನಿಗೆ ಇ5ರಲ್ಲಿ. ನನ್ನ ರಾಜ ಇ7ರಲ್ಲಿ. ನಡೆ ನನ್ನದು. ಹಿಂದೆ ಮೂರು ಮನೆ: ಡಿ8, ಇ8, ಎಫ್8. ನೇರ ಇ8ಕ್ಕೆ ಇಳಿಯಬೇಕಿತ್ತು. ಆಗ ಅವನ ರಾಜ ಡಿ6ಕ್ಕೆ ಬಂದರೆ ನಾನು ಡಿ8, ಎಫ್6ಕ್ಕೆ ಬಂದರೆ ಎಫ್8. ಎದುರಿಗೇ ನಿಲ್ಲುವುದು. ಪಾನ್ ಇ7ಕ್ಕೆ ಬಂದು ಚೆಕ್ ಕೊಟ್ಟರೆ ಮತ್ತೆ ಇ8. ಆಗ ಪಾನ್ ಕಾಯಲು ಅವನ ರಾಜ ಇ6ಕ್ಕೆ ಬರಲೇಬೇಕು. ನನಗೆ ಚೆಕ್ ಇಲ್ಲ, ಆಡಲು ಮನೆಯೂ ಇಲ್ಲ, ಅದೇ ಸ್ಟೇಲ್‌ಮೇಟ್, ಆಟ ಡ್ರಾ, ಅರ್ಧ ಪಾಯಿಂಟ್. ನಾನು ಸುಮ್ನೆ ಎಫ್8ಕ್ಕೆ ಸರಿದಿದ್ದೆ. ಅವನ ರಾಜ ಎಫ್6ಕ್ಕೆ ಬಂತು, ನಾನು ಇ8, ಅವನ ಪಾನ್ ಇ7. ಈ ಸಲ ಚೆಕ್ ಇಲ್ಲ. ನನ್ನ ರಾಜ ಡಿ7ಕ್ಕೆ ಹೋಗಲೇಬೇಕು, ಅವನ ರಾಜ ಎಫ್7ಕ್ಕೆ, ಮುಂದೆ ಪಾನ್ ಕೊನೆಯ ಸಾಲು ಮುಟ್ಟಿ ರಾಣಿ. ಒಂದೇ ಒಂದು ಮನೆ ಪಕ್ಕಕ್ಕೆ ಸರಿದದ್ದಕ್ಕೆ! ಇದಕ್ಕೂ ಟೂ ನೈಟ್ಸ್‌ಗೂ ಏನು ಸಂಬಂಧ?

ನೀವೂ ಸೋತ ಐದು ಆಟ ತೆಗೆದುಕೊಂಡು, ಎಂಜಿನ್ ಹಚ್ಚದೆ, ಬೋರ್ಡ್ ಮೇಲೆ ಕೊನೆಯಿಂದ ಹಿಂದಕ್ಕೆ ಬನ್ನಿ. ಎಲ್ಲಿ ಕೈ ತಪ್ಪಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎಂಜಿನ್ ಆಮೇಲೆ. ಸ್ವಲ್ಪ ಮೇಲುಗೈ ಅಂದದ್ದಕ್ಕೆಲ್ಲ ಹೆದರುವಷ್ಟು ಚೆನ್ನಾಗಿ ನಾವಿಬ್ಬರೂ ಆಡುವುದಿಲ್ಲ, ಅಲ್ವಾ?

ಕಾರೋ-ಕಾನ್ ಬಿಟ್ಟೆ. ಈಗಲೂ ಯಾರಾದರೂ ಜಿ5ಕ್ಕೆ ಬಂದರೆ ನನ್ನ ಕುದುರೆ ಎ5ಕ್ಕೇ ಹೋಗುತ್ತದೆ.