‘ಸರಿಯಿದೆ’ ಎಂದು ಸಹಿ ಹಾಕಿ ನಿದ್ದೆಗೆಟ್ಟವರು

ವಿಮಾನ ನಿರ್ವಹಣೆಯವರು ನಿದ್ದೆ ಬರುತ್ತಿಲ್ಲವೆಂದು ನನ್ನಂಥ ಆಪ್ತಸಲಹೆಗಾರರ ಬಳಿ ಬಂದಾಗ ಮೊದಲು ಟೆಕ್ ಲಾಗ್ (ವಿಮಾನದ ದೋಷ, ರಿಪೇರಿ ಬರೆದಿಡುವ ಪುಸ್ತಕ) ಬಗ್ಗೆ ಕೇಳುವುದು ವಾಸಿ. ಇಂಥ ಪ್ರಕರಣಗಳು ಮರುಕಳಿಸುತ್ತಲೇ ಇವೆ.

ಅಂಥವರಲ್ಲಿ ಒಬ್ಬರು ಇವರು: ಮಂಡ್ಯ ಕಡೆಯವರು, ಮೈಸೂರಲ್ಲಿ ವಾಸ, ತರಬೇತಿ ವಿಮಾನಗಳ ಕೆಲಸ. (ಗುರುತಿನ ವಿವರ ಬದಲಿಸಿದೆ.) ಒಂದೇ ವಿಮಾನದ ಮೇಲೆ ‘ರೇಡಿಯೊ ಕೆಲಸ ಮಾಡುತ್ತಿಲ್ಲ’ ಎಂಬ ಸ್ನ್ಯಾಗ್ (ಪೈಲಟ್ ಬರೆಯುವ ದೋಷದ ದೂರು) ಪದೇಪದೇ ಬರುತ್ತಿತ್ತು. ನೆಲದ ಮೇಲೆ ನೋಡಿದರೆ ಏನೂ ಇಲ್ಲ. ‘ಚೆಕ್ ಮಾಡಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ರಾತ್ರಿಯೆಲ್ಲ ಆ ಸಹಿಯದೇ ಯೋಚನೆ.

“ಪೈಲಟ್ ಹತ್ರ ಮಾತಾಡಿದ್ರಾ?”

“ಅವರು ಬರೀತಾರೆ, ನಾನು ಓದ್ತೀನಿ ಮೇಡಂ. ಕ್ಯಾಪ್ಟನ್ನನ್ನ ನಿಲ್ಲಿಸಿ ಕೇಳೋಕಾಗುತ್ತಾ?”

“ನಾನೇ ಪೈಲಟ್ ಅಂದ್ಕೊಳ್ಳಿ. ಕೇಳಿ.”

ಮೊದಲು ತಡವರಿಸಿದರು, ಆಮೇಲೆ ಪ್ರಶ್ನೆಗಳು ತಾವೇ ಬಂದವು. ನಿಮ್ಮ ಮಾತು ಹೋಗಲಿಲ್ವಾ, ಅವರದು ಕೇಳಿಸಲಿಲ್ವಾ? ಎಡ ಸೀಟಾ, ಬಲ ಸೀಟಾ? ಎಲ್ಲ ಫ್ರೀಕ್ವೆನ್ಸಿಲೂ ಹೀಗೇನಾ? ಹೆಡ್‌ಸೆಟ್ ಬದಲಿಸಿ ನೋಡಿದ್ರಾ? ನೇರ ಹಾರುವಾಗ್ಲಾ, ತಿರುವಿನಲ್ಲಾ? ಅಲ್ಲಿಗೆ ತಟ್ಟನೆ ನಿಂತರು. “ತಿರುವಿನಲ್ಲಿ ಮಾತ್ರ ಅಂದ್ರೆ ಮಾತಾಡೋಕೆ ಒತ್ತೋ ಪಿಟಿಟಿ ಬಟನ್ನಿನ ವೈರಿರಬಹುದು ಮೇಡಂ. ಯೋಕ್, ಅಂದ್ರೆ ವಿಮಾನದ ಸ್ಟೀರಿಂಗ್, ತಿರುಗಿಸಿದಾಗ ಬಾಗುತ್ತೆ. ನಾನು ಯೋಕ್ ನೆಟ್ಟಗಿಟ್ಕೊಂಡೇ ಚೆಕ್ ಮಾಡ್ತಿದ್ದೆ.”

ಕೊಟ್ಟ ಸಲಹೆ ಇಷ್ಟು. ಪೈಲಟ್ ವಿಮಾನ ಬಿಟ್ಟು ಹೋಗುವ ಮೊದಲೇ, ರೆಕ್ಕೆಯ ಪಕ್ಕ ನಿಂತು ಈ ಪ್ರಶ್ನೆಗಳನ್ನು ಕೇಳಿ. ಉತ್ತರ ಲಾಗ್‌ನಲ್ಲೇ ಬರೆಯಿಸಿ. ಆ ವಿಮಾನದ ಹಳೆಯ ಪುಟಗಳನ್ನು ತಿರುವಿಹಾಕಿ. ‘ಸರಿಯಿದೆ’ ಎನ್ನುವ ಬದಲು ಏನನ್ನು, ಯಾವ ಸ್ಥಿತಿಯಲ್ಲಿ, ಎಷ್ಟು ಹೊತ್ತು ಪರೀಕ್ಷಿಸಿದಿರಿ ಎಂದು ದಾಖಲಿಸಿ. ದೋಷ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಿರಿ. ದೊಡ್ಡ ವಿಮಾನಗಳಲ್ಲಿ ಎಂಇಎಲ್ (ಕೆಟ್ಟರೂ ಹಾರಬಹುದಾದ ಉಪಕರಣಗಳ ಪಟ್ಟಿ) ಒಪ್ಪಿದರೆ ರಿಪೇರಿ ಮುಂದೂಡಬಹುದು: ‘ಬಿ’ ವರ್ಗಕ್ಕೆ 3 ದಿನ, ‘ಸಿ’ಗೆ 10, ದೋಷ ದಾಖಲಾದ ದಿನ ಬಿಟ್ಟು. ಹಾಗೆ ಮುಂದೂಡಿದರೆ ಅವಮಾನವೇನಿಲ್ಲ.

ಉಸಿರಾಟದ ಅಭ್ಯಾಸ ಹೇಳಿಕೊಡದೆ ಪ್ರಶ್ನೆ ಕೇಳಿಸುವುದೂ ಒಂದು ಆಪ್ತಸಲಹೆಯೇ? ಎಂದು ಮೂಗು ಮುರಿಯುವವರಿದ್ದಾರೆ. ಭಯಕ್ಕೆ ನಿಜವಾದ ಕಾರಣವಿರುವಾಗ ಅದನ್ನು ತಟ್ಟಿ ಮಲಗಿಸುವುದು ನನಗೆ ಒಪ್ಪಿಗೆಯಿಲ್ಲ. 2018ರ ಅಕ್ಟೋಬರ್ 28ರ ರಾತ್ರಿ ಜಕಾರ್ತಾಕ್ಕೆ ಬಂದ ಲಯನ್ ಏರ್ ಪೈಲಟ್‌ಗಳು ವೇಗ ಮತ್ತು ಎತ್ತರದ ಅಂಕಿ ತಾಳೆಯಾಗುತ್ತಿಲ್ಲವೆಂದು ಬರೆದರು. ಸ್ಟಿಕ್ ಶೇಕರ್ (ಅಪಾಯದ ಎಚ್ಚರಿಕೆಗೆ ಯೋಕ್ ಅಲುಗಿಸುವ ಸಾಧನ) ಅದುರಿದ್ದನ್ನು, ಸ್ಟೆಬಿಲೈಸರ್ ಟ್ರಿಮ್ (ಮೂತಿ ಏರಿಳಿಸಲು ಬಾಲದ ರೆಕ್ಕೆ ಹೊಂದಿಸುವ ವಿದ್ಯುತ್ ವ್ಯವಸ್ಥೆ) ಸ್ವಿಚ್‌ನಿಂದ ಕಡಿತಗೊಳಿಸಿ ಹಾರಿಸಿದ್ದನ್ನು ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಅದೇ ವಿಮಾನ ಸಮುದ್ರಕ್ಕೆ ಬಿತ್ತು. 189 ಜನ ಸತ್ತರು. ಕಾರಣ ಅದೊಂದೇ ಅಲ್ಲ, ಆದರೆ ಬರೆಯದೆ ಬಿಟ್ಟಿದ್ದು ತನಿಖಾ ವರದಿಯಲ್ಲಿದೆ.

ಕೇಳಿದ ಮೇಲೆ ಪೈಲಟ್ ಹೇಳಿದ್ದು: “ಎಡಕ್ಕೆ ತಿರುಗುವಾಗ.” ವೈರು ಯೋಕ್‌ನ ಒಳಗೆ ತುಂಡಾಗಿತ್ತು. ಇವರ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಪಾಳಿ ಬದಲಾವಣೆಯದು ಬೇರೆಯೇ ಸಮಸ್ಯೆ, ಅದಕ್ಕೆ ಈಗ ಮೇಲ್ವಿಚಾರಕರ ಜೊತೆ ಮಾತು ನಡೆದಿದೆ.