ತಂತಿ ಕೂಡಿದೆ, ಮಾತು ಕೂಡಿಲ್ಲ

ಭೂಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ಬೀದರ್‌ಗೆ ಬಂದು ಕುಳಿತ ಮೇಲೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮದುವೆ ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೂ ಸೇನೆಯ ಸಂಪರ್ಕ ಜಾಲದ ಬಗ್ಗೆ ಅವೇ ನಾಲ್ಕೈದು ಪ್ರಶ್ನೆ, ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಅವೇ. ಒಮ್ಮೆ ಬರೆದುಬಿಟ್ಟರೆ ಮುಂದೆ ಕೇಳಿದವರ ಕೈಗೆ ಇದನ್ನೇ ಕೊಟ್ಟು ಊಟ ಮುಂದುವರಿಸಬಹುದು ಎಂಬ ಸ್ವಾರ್ಥದಿಂದ ಉತ್ತರಿಸುತ್ತಿದ್ದೇನೆ. ಸರ್ವರ್ ಎಂದರೇನು, ಉಪಗ್ರಹ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇನೆ. ಅದಕ್ಕೆ ಹೈಸ್ಕೂಲಿನ ಪುಸ್ತಕ ಸಾಕು. ನಾನು ಎಲ್ಲಿದ್ದೆ, ಯಾವ ಯಂತ್ರ ಬಳಸಿದೆ ಎಂದು ಕೇಳಿದವುಗಳನ್ನು ಹರಿದು ಹಾಕಿದ್ದೇನೆ.

ವಾಯುನೆಲೆಯ ಹಾಕ್ ವಿಮಾನಗಳು ಹಾರಿದಾಗಲೆಲ್ಲ ನಮ್ಮ ಬಡಾವಣೆಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ಅವರು ಜಾಮರ್ ಹಾಕುತ್ತಾರೆಯೇ? (ಬೀದರ್‌ನ ಓದುಗರು)

ಇಲ್ಲ. ಕರೆಂಟ್ ಹೋದ ಮೇಲೆ ಟವರ್‌ನ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂದು ನಿಮ್ಮ ಮೊಬೈಲ್ ಕಂಪನಿಯವರನ್ನು ಕೇಳಿ.

ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಮೂರೂ ಪಡೆಗಳಿಗೆ ಬೇರೆ ಬೇರೆ ಜಾಲಗಳಿವೆ ಎಂದು ಓದಿದೆ. ಎಲ್ಲ ಮಾಹಿತಿಯನ್ನೂ ಒಂದೇ ಸರ್ವರ್‌ಗೆ ಹಾಕಿ, ಒಂದು ಆ್ಯಪ್ ಮಾಡಿ, ಎಲ್ಲರಿಗೂ ಎಲ್ಲವೂ ಕಾಣುವಂತೆ ಮಾಡಿದರೆ ಸಮಸ್ಯೆ ಮುಗಿಯುವುದಿಲ್ಲವೇ? ನಾವು ನಾಲ್ವರು ಇದನ್ನೇ ಪ್ರಾಜೆಕ್ಟ್ ಆಗಿ ತೆಗೆದುಕೊಂಡಿದ್ದೇವೆ.

ತಮ್ಮ, ಈ ‘ಒಂದು ಆ್ಯಪ್’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಯಾರಾದರೂ ಬಾಯಿ ತೆರೆಯುವ ಮೊದಲೇ ನನಗೆ ತಲೆನೋವು ಶುರುವಾಗುತ್ತದೆ. ತಂತಿಯ ಕೊರತೆ ಇದೆ ಎಂದು ನೀನು ತಿಳಿದಿದ್ದೀಯ. ವಾಯುಪಡೆಯ ಸ್ವಂತ ಡಿಜಿಟಲ್ ಜಾಲ ಆಫ್‌ನೆಟ್ 2010ರ ಸೆಪ್ಟೆಂಬರ್‌ನಲ್ಲೇ ಉದ್ಘಾಟನೆಯಾಯಿತು. ಅದರ ಮೇಲೆ ರಾಡಾರ್‌ಗಳ ನೋಟವನ್ನೆಲ್ಲ ಒಂದೇ ಪರದೆಗೆ ತರುವ ವ್ಯವಸ್ಥೆ ನಡೆಯುತ್ತಿದೆ. ನೌಕಾಪಡೆಗಾಗಿ 2013ರಲ್ಲಿ ಜಿಸ್ಯಾಟ್-7, ವಾಯುಪಡೆಗಾಗಿ 2018ರಲ್ಲಿ ಜಿಸ್ಯಾಟ್-7ಎ ಎಂಬ ಉಪಗ್ರಹಗಳು ಮೇಲೆ ಹೋದವು. ಭೂಸೇನೆಯ ವಾಯುರಕ್ಷಣೆಗೆ ರಾಡಾರ್‌ಗಳ ಮಾಹಿತಿಯನ್ನು ಜೋಡಿಸುವ ಆಕಾಶ್‌ತೀರ್ ಎಂಬ ವ್ಯವಸ್ಥೆ ಬಂದಿದೆ. ಇನ್ನೂ ಬೇಕು, ನಿಜ. ಆದರೆ ತಂತಿ ಎಳೆಯುವುದು ಈ ಕೆಲಸದ ಸುಲಭ ಭಾಗ.

ಕಷ್ಟ ಎಲ್ಲಿದೆ ಎಂದು ತಿಳಿಯಲು ದೆಹಲಿಗೆ ಹೋಗಬೇಕಿಲ್ಲ. ನಿಮ್ಮ ಅಜ್ಜನ ಹೊಲದ ಕಾಗದ ತೆಗೆದು ನೋಡು. ನಿಜಾಮರ ಕಾಲದ ದಫ್ತರ ಉರ್ದುವಿನಲ್ಲಿದೆ, ವರ್ಷ ಫಸಲಿಯಲ್ಲಿದೆ. ಹೈದರಾಬಾದ್‌ನ ಫಸಲಿಗೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಒಂದು ಕಾಗದದಲ್ಲಿ ಶರಣಪ್ಪ, ಇನ್ನೊಂದರಲ್ಲಿ ಶರಣಬಸಪ್ಪ, ಮೂರನೆಯದರಲ್ಲಿ ಮನೆತನದ ಹೆಸರು ಮಾತ್ರ. ‘ಭೂಮಿ’ ಯೋಜನೆಯಲ್ಲಿ ಪಹಣಿಯೆಲ್ಲ ಕಂಪ್ಯೂಟರ್‌ಗೆ ಬಂತು, ಬಹಳ ಒಳ್ಳೆಯದಾಯಿತು. ಆದರೆ ಶರಣಪ್ಪನೂ ಶರಣಬಸಪ್ಪನೂ ಒಬ್ಬನೇ ಎಂದು ಕಂಪ್ಯೂಟರ್ ಹೇಳಲಿಲ್ಲ. ಅದನ್ನು ತೀರ್ಮಾನಿಸಲು ಊರಿನ ಹಿರಿಯರನ್ನು ಬಲ್ಲ ಒಬ್ಬ ಮನುಷ್ಯ ಕುಳಿತು ಸಹಿ ಹಾಕಬೇಕಾಯಿತು.

ಸೇನೆಯಲ್ಲಿಯೂ ಹೀಗೆಯೇ. ನೆಲದ ಮೇಲಿರುವವನು ಎತ್ತರವನ್ನು ಮೀಟರ್‌ನಲ್ಲಿ ಬರೆಯುತ್ತಾನೆ, ಹಾರುವವನು ಅಡಿಯಲ್ಲಿ ಓದುತ್ತಾನೆ. ಒಬ್ಬನ ಗಡಿಯಾರ ಭಾರತೀಯ ಕಾಲಮಾನ, ಇನ್ನೊಬ್ಬನದು ಗ್ರೀನಿಚ್. ನಡುವೆ ಐದೂವರೆ ಗಂಟೆ. ನಮ್ಮ ಹಳೆಯ ನಕಾಶೆಗಳನ್ನು ಭೂಮಿಯ ಆಕಾರವನ್ನು ಅಳೆಯುವ ಎವರೆಸ್ಟ್ ಎಂಬ ಲೆಕ್ಕದ ಆಧಾರದ ಮೇಲೆ ಬರೆಯಲಾಗಿತ್ತು, ಜಿಪಿಎಸ್ ಮಾತನಾಡುವುದು ಡಬ್ಲ್ಯುಜಿಎಸ್-84 ಲೆಕ್ಕದಲ್ಲಿ. 2005ರ ರಾಷ್ಟ್ರೀಯ ನಕಾಶೆ ನೀತಿ ಬಂದ ಮೇಲೆ ಜನಬಳಕೆಯ ನಕಾಶೆಗಳು ಈ ಹೊಸ ಲೆಕ್ಕಕ್ಕೆ ಬಂದವು. ಎರಡರ ನಡುವೆ ನಮ್ಮ ಬೀದರ್ ಭಾಗದಲ್ಲಿ ನೂರು ಮೀಟರ್‌ಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಹೊಲದ ಬದುವಿಗೆ ಅಷ್ಟು ತಪ್ಪಿದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಫಿರಂಗಿಗೆ ತಪ್ಪಿದರೆ ಏನಾಗುತ್ತದೆ ಎಂದು ನೀನೇ ಊಹಿಸು. ಇವನ್ನು ಪರಿವರ್ತಿಸುವುದು ಕಷ್ಟವಲ್ಲ. ಯಾವ ಲೆಕ್ಕದಲ್ಲಿದೆ ಎಂದು ಸಂಖ್ಯೆಯ ಪಕ್ಕದಲ್ಲಿ ಬರೆದಿರಬೇಕು, ಅಷ್ಟೆ. ಬರೆದಿರುವುದಿಲ್ಲ.

ಇನ್ನೊಂದು ಸಂಗತಿ, ವಯಸ್ಸು. ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಕಂಡರೆ ನೋಡುವವನಿಗೆ ಅದು ಈ ಕ್ಷಣದ ಸತ್ಯ ಎನಿಸುತ್ತದೆ. ಅದು ನಿನ್ನೆ ಸಂಜೆ ಯಾರೋ ಕುರಿಗಾಹಿ ಹೇಳಿದ ಮಾತಾಗಿರಬಹುದು. ಹಿಂದಿನವರಿಗೆ ಇದು ಗೊತ್ತಿತ್ತು. ಸುದ್ದಿ ತಂದವನ ನಂಬಿಕೆಗೆ ಎ ಯಿಂದ ಎಫ್‌ವರೆಗೆ ಒಂದು ಅಕ್ಷರ, ಸುದ್ದಿಯ ನಂಬಿಕೆಗೆ 1ರಿಂದ 6ರವರೆಗೆ ಒಂದು ಅಂಕಿ ಹಾಕುವ ಪದ್ಧತಿಯನ್ನು ಬ್ರಿಟಿಷ್ ನೌಕಾಪಡೆಯವರು ರೂಢಿಗೆ ತಂದರು. ನಿಮ್ಮ ಆ್ಯಪ್‌ನಲ್ಲಿ ಚುಕ್ಕೆಯ ಬಣ್ಣವನ್ನು ಆಯ್ಕೆ ಮಾಡಲು ಹದಿನಾರು ಬಗೆ ಇರುತ್ತದೆ, ಈ ಒಂದು ಅಕ್ಷರ, ಒಂದು ಅಂಕಿಗೆ ಜಾಗ ಇರುವುದಿಲ್ಲ. ಪಂದ್ಯ ಕಟ್ಟುತ್ತೇನೆ.

ನನ್ನದೇ ಒಂದು ಕಥೆ ಹೇಳುತ್ತೇನೆ, ಜಾಗ ಕೇಳಬೇಡ. ನಾನು ಇನ್ನೂ ಹುಡುಗ. ಬೆಟ್ಟದ ಮೇಲೆ ನಾವು, ಕೆಳಗೆ ಬೇರೊಂದು ತುಕಡಿ. ಮಧ್ಯೆ ಟೆಲಿಫೋನ್ ತಂತಿ ಇತ್ತು, ನಾನೇ ಎಳೆದದ್ದು, ದಿನವೂ ಪರೀಕ್ಷಿಸುತ್ತಿದ್ದೆ. ಒಂದು ರಾತ್ರಿ ಕೆಳಗಿನವರಿಗೆ ಹಿಮಗಾಳಿಯ ಮುನ್ಸೂಚನೆ ಬಂತು. ಅವರು ರಿಜಿಸ್ಟರ್‌ನಲ್ಲಿ ದಾಖಲಿಸಿ, ಸಹಿ ಹಾಕಿ, ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ತಿಳಿಸಿದರು. ಆ ಪಟ್ಟಿಯಲ್ಲಿ ನಮ್ಮ ಹೆಸರು ಇರಲಿಲ್ಲ. ಬೆಳಿಗ್ಗೆ ನಮ್ಮ ಐವರು ಸಾಮಾನು ತರಲು ಹೊರಟರು. ಇಬ್ಬರ ಕಾಲ್ಬೆರಳು ಹೋದವು. ವಿಚಾರಣೆಯಲ್ಲಿ ಯಾರ ತಪ್ಪೂ ಸಿಗಲಿಲ್ಲ. ಎಲ್ಲರೂ ನಿಯಮದಂತೆಯೇ ನಡೆದಿದ್ದರು. ನನ್ನ ತಂತಿಯಂತೂ ಆ ರಾತ್ರಿಯಿಡೀ ಸರಿಯಾಗಿಯೇ ಇತ್ತು.

ಚಿಕ್ಕ ಕಥೆ ಎನ್ನುವೆಯಾದರೆ ದೊಡ್ಡದು ಕೇಳು. 1994ರ ಏಪ್ರಿಲ್ 14, ಉತ್ತರ ಇರಾಕ್. ಅಮೆರಿಕದ ಎರಡು ಎಫ್-15 ಯುದ್ಧವಿಮಾನಗಳು ಅಮೆರಿಕದ್ದೇ ಭೂಸೇನೆಯ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದುರುಳಿಸಿದವು. ಒಳಗಿದ್ದ 26 ಜನರೂ ಸತ್ತರು. ಮೇಲೆ ಹಾರುತ್ತಿದ್ದ, ರಾಡಾರ್‌ನಿಂದ ಆಕಾಶ ಕಾಯುವ ಅವಾಕ್ಸ್ ವಿಮಾನದ ಪರದೆಯಲ್ಲಿ ಆ ಹೆಲಿಕಾಪ್ಟರ್‌ಗಳು ಅದಕ್ಕೂ ಮೊದಲು ಕಂಡಿದ್ದವು, ಅವುಗಳೊಂದಿಗೆ ಮಾತುಕತೆಯೂ ಆಗಿತ್ತು. ಆದರೆ ಆ ಪ್ರದೇಶದೊಳಗೆ ‘ನಾನು ನಿಮ್ಮವನು’ ಎಂದು ಹೇಳುವ ಸಂಕೇತ ಬೇರೆ ಎಂಬುದು ಹೆಲಿಕಾಪ್ಟರ್‌ನವರಿಗೆ ತಿಳಿದಿರಲಿಲ್ಲ. ಅವರ ರೇಡಿಯೊ ಬೇರೆ ತರಂಗಾಂತರದಲ್ಲಿತ್ತು. ಅವರ ಹಾರಾಟದ ವಿವರ ಯುದ್ಧವಿಮಾನದವರ ಕೈಯಲ್ಲಿದ್ದ ಹಾಳೆಯಲ್ಲಿ ಇರಲಿಲ್ಲ. ಜಗತ್ತಿನ ಅತ್ಯಂತ ದುಬಾರಿ ಜಾಲ, ಒಂದೇ ದೇಶ, ಒಂದೇ ಕಾರ್ಯಾಚರಣೆ. ನಮ್ಮಲ್ಲಿ 2019ರ ಫೆಬ್ರವರಿ 27ರಂದು ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿಗೆ ನಮ್ಮದೇ ಎಂಐ-17 ಹೆಲಿಕಾಪ್ಟರ್ ಬಲಿಯಾಯಿತು; ವಾಯುಪಡೆಯ ಆರು ಜನ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ನಮ್ಮ ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರೇ ಅದೇ ವರ್ಷ ಒಪ್ಪಿಕೊಂಡರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಹಾಗಾದರೆ ಮಾಹಿತಿ ಕೊಡುವುದು ಯಾರ ಕರ್ತವ್ಯ? ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಈ ಗಂಟನ್ನೇ ಮುಟ್ಟಿತು. ಗುಪ್ತಚರ ಸಂಸ್ಥೆಗಳಿಗೂ ಅವರ ಮಾಹಿತಿಯನ್ನು ಬಳಸುವವರಿಗೂ ನಡುವೆ ಸಮನ್ವಯದ ಸ್ಥಿರ ವ್ಯವಸ್ಥೆ ಇಲ್ಲ ಎಂದು ಅದು ಬರೆಯಿತು. ಮೂರೂ ಪಡೆಗಳಿಗೆ ಸೇರಿದ ರಕ್ಷಣಾ ಗುಪ್ತಚರ ಸಂಸ್ಥೆ 2002ರಲ್ಲಿ ಹುಟ್ಟಿದ್ದು, 2020ರ ಜನವರಿ 1ರಂದು ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರು ಅಧಿಕಾರ ವಹಿಸಿಕೊಂಡದ್ದು ಇದೇ ದಾರಿಯ ಹೆಜ್ಜೆಗಳು. ಕಚೇರಿ ತೆರೆಯಬಹುದು. ಆದರೆ ಮಾಹಿತಿ ಮುಚ್ಚಿಟ್ಟವನಿಗೆ ಎಂದೂ ಶಿಕ್ಷೆಯಾಗುವುದಿಲ್ಲ, ಕೊಟ್ಟು ತಪ್ಪಾದರೆ ಮಾತ್ರ ಆಗುತ್ತದೆ ಎಂಬ ಲೆಕ್ಕಾಚಾರ ಕೆಳಗಿನ ಗುಮಾಸ್ತನ ತಲೆಯಲ್ಲಿರುವವರೆಗೆ ಅವನು ಕಪಾಟಿನ ಬೀಗವನ್ನೇ ನಂಬುತ್ತಾನೆ. ಅವನ ಜಾಗದಲ್ಲಿ ನಾನಿದ್ದಾಗ ನಾನೂ ಹಾಗೆಯೇ ಮಾಡಿದ್ದೇನೆ.

ಇನ್ನು ‘ಎಲ್ಲರಿಗೂ ಎಲ್ಲವೂ’. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದವರು ಅದೇ ಹುರುಪಿನಲ್ಲಿ ಬಾಗಿಲುಗಳನ್ನು ತೆರೆದರು. 2010ರಲ್ಲಿ ಏನಾಯಿತು? ಇರಾಕ್‌ನಲ್ಲಿದ್ದ ಕೆಳದರ್ಜೆಯ ಒಬ್ಬ ಸಿಬ್ಬಂದಿಯ ಕೈಯಿಂದ ಸುಮಾರು ಎರಡೂವರೆ ಲಕ್ಷ ರಾಜತಾಂತ್ರಿಕ ಪತ್ರಗಳು ಹೊರಬಿದ್ದವು. ಅಷ್ಟನ್ನು ಒಬ್ಬರೇ ನಕಲು ಮಾಡಿಕೊಳ್ಳುತ್ತಿದ್ದಾರೆ ಎಂದು ಕೂಗಿ ಹೇಳುವ ಗಂಟೆಯೇ ಅಲ್ಲಿ ಬಾರಿಸಲಿಲ್ಲ. ಕೊಠಡಿಗೆ ಬೀಗ ಹಾಕಿದರೆ ಸಾಲದು, ಪ್ರತಿ ಹಾಳೆಗೂ ಅದರದೇ ಗುರುತು ಬೇಕು: ಯಾರು ನೋಡಬಹುದು, ಎಷ್ಟು ದಿನ, ಯಾರು ನೋಡಿದರು.

ಅದಕ್ಕಿಂತ ಹಳೆಯ ಪಾಠ ನಮ್ಮ ಊರಿನಲ್ಲೇ ಇದೆ. ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ, ಬಹಮನಿ ಸುಲ್ತಾನನ ಪ್ರಧಾನಿ ಮಹಮೂದ್ ಗವಾನ್ 1481ರಲ್ಲಿ ಹೇಗೆ ಸತ್ತ ಎಂಬುದು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಎಷ್ಟು ಜನರಿಗೆ ಗೊತ್ತೋ. ವಿರೋಧಿಗಳು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು, ಮೇಲೆ ರಾಜದ್ರೋಹದ ಪತ್ರ ಬರೆದರು. ಮುದ್ರೆ ತನ್ನದೇ, ಬರಹ ತನ್ನದಲ್ಲ ಎಂದು ಗವಾನ್ ಹೇಳಿದನೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಸುಲ್ತಾನ ಕೇಳಲಿಲ್ಲ, ತಲೆ ತೆಗೆಸಿದ. ಡಿಜಿಟಲ್ ಸಹಿಯ ಲೆಕ್ಕ ಬರಹದ ಪ್ರತಿ ಅಕ್ಷರದಿಂದ ಹುಟ್ಟುತ್ತದೆ, ಆದ್ದರಿಂದ ಖಾಲಿ ಹಾಳೆಗೆ ಹಾಕಿದ ಸಹಿ ಮುಂದೆ ಬರೆಯುವ ಪತ್ರಕ್ಕೆ ಹೊಂದುವುದಿಲ್ಲ. ಒಂದು ಅಕ್ಷರ ಬದಲಾದರೂ ಸಹಿ ಮುರಿಯುತ್ತದೆ. ಗವಾನನಿಗೆ ಅದು ಇದ್ದಿದ್ದರೆ ಬದುಕುತ್ತಿದ್ದನೇನೋ. ಆದರೆ ಸಹಿಯ ಕೀಲಿಯನ್ನೇ ಇನ್ನೊಬ್ಬನ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗುವ ಅಧಿಕಾರಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಪ್ರಾಜೆಕ್ಟ್ ಬಗ್ಗೆ: ಸೇನೆಯನ್ನು ಬಿಡಿ. ನಿಮ್ಮ ಕಾಲೇಜಿನ ಹಾಸ್ಟೆಲ್ ರಿಜಿಸ್ಟರ್ ಮತ್ತು ಗ್ರಂಥಾಲಯದ ರಿಜಿಸ್ಟರ್ ತೆಗೆದುಕೊಂಡು, ಎರಡರಲ್ಲಿಯೂ ಇರುವ ವಿದ್ಯಾರ್ಥಿ ಒಬ್ಬನೇ ಎಂದು ತಪ್ಪಿಲ್ಲದೆ ಗುರುತಿಸುವಂತೆ ಮಾಡಿ. ಆರು ತಿಂಗಳು ಸಾಲುವುದಿಲ್ಲ.

ಸೇನೆಯ ಜಾಲ ಇಂಟರ್ನೆಟ್‌ಗೆ ಜೋಡಣೆಯಾಗಿರುವುದಿಲ್ಲ, ಆದ್ದರಿಂದ ಹ್ಯಾಕ್ ಮಾಡಲು ಸಾಧ್ಯವೇ ಇಲ್ಲ ಎಂದು ನಮ್ಮ ಮೇಷ್ಟ್ರು ಹೇಳುತ್ತಾರೆ. (ಆಳಂದ)

ಮೇಷ್ಟ್ರಿಗೆ ನಮಸ್ಕಾರ ತಿಳಿಸಿ, 2008ರ ಸುದ್ದಿ ಓದಲು ಹೇಳಿ. ಪಶ್ಚಿಮ ಏಷ್ಯಾದಲ್ಲಿದ್ದ ಅಮೆರಿಕದ ನೆಲೆಯೊಂದರಲ್ಲಿ ಯಾರೋ ಚುಚ್ಚಿದ ಪೆನ್‌ಡ್ರೈವ್‌ನಿಂದ ಹುಳುವೊಂದು, ಅಂದರೆ ತಾನಾಗಿಯೇ ಹರಡುವ ಕೆಟ್ಟ ಪ್ರೋಗ್ರಾಂ, ರಹಸ್ಯ ಜಾಲದೊಳಗೆ ಹೊಕ್ಕಿತು. ಅದನ್ನು ಕೀಳಲು ಬಹಳ ತಿಂಗಳು ಹಿಡಿಯಿತು, ಕೆಲಕಾಲ ಪೆನ್‌ಡ್ರೈವ್ ಬಳಕೆಯನ್ನೇ ನಿಷೇಧಿಸಿದರು. ನಾನು ಇವತ್ತಿಗೂ ಬೇರೆಯವರ ಪೆನ್‌ಡ್ರೈವ್ ಮುಟ್ಟುವುದಿಲ್ಲ. ಮೊಮ್ಮಗಳ ಶಾಲೆಯ ಪ್ರಾಜೆಕ್ಟ್ ಅಚ್ಚು ಹಾಕಿಸಲು ಕೂಡ ಅಂಗಡಿಯವನಿಗೆ ಕೈಯಲ್ಲಿ ಬರೆದುಕೊಟ್ಟೆ. ಮನೆಯಲ್ಲಿ ನಗುತ್ತಾರೆ, ನಗಲಿ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ತಾನಾಗಿಯೇ ಸರಿಹೋಗುವುದಿಲ್ಲವೇ?

ಫಸಲಿ ವರ್ಷವನ್ನು ಇಂಗ್ಲಿಷ್ ವರ್ಷವೆಂದು ಓದುವ ಯಂತ್ರ ಎಷ್ಟು ವೇಗವಾಗಿ ಓದಿದರೇನು?

ಮಗ ಗಡಿಯಲ್ಲಿದ್ದಾನೆ. ಮೊದಲು ಮೊಬೈಲ್‌ನಲ್ಲಿ ಅವನಿರುವ ಜಾಗ ತೋರಿಸುತ್ತಿತ್ತು, ಈಗ ಬಂದ್ ಮಾಡಿದ್ದಾನೆ. ಪಕ್ಕದ ಮನೆಯ ಹುಡುಗ ಬೇರೆ ಆ್ಯಪ್ ಹಾಕಿಕೊಡುತ್ತೇನೆ ಎನ್ನುತ್ತಾನೆ. ಹಾಕಿಸಲೇ? (ಶಹಾಪುರ, ಯಾದಗಿರಿ ಜಿಲ್ಲೆ)

ಬೇಡ ತಾಯಿ. ನಿಮ್ಮ ಮಗ ಬುದ್ಧಿವಂತ. ಓಟದ ಲೆಕ್ಕ ಇಡುವ ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳ ನಕಾಶೆ ಪ್ರಕಟಿಸಿತ್ತು. ಮರುಭೂಮಿಯ ನಡುವೆ ಯಾರಿಗೂ ಗೊತ್ತಿರದ ಸೇನಾ ನೆಲೆಗಳ ಬೇಲಿ ಅದರಲ್ಲಿ ಬೆಳಕಿನ ಗೆರೆಯಾಗಿ ಮೂಡಿದ್ದನ್ನು 2018ರ ಜನವರಿಯಲ್ಲಿ ಜಗತ್ತೇ ನೋಡಿತು. ನಮ್ಮ ಭೂಸೇನೆ 2020ರ ಜುಲೈನಲ್ಲಿ 89 ಆ್ಯಪ್‌ಗಳನ್ನು ಅಳಿಸಿಹಾಕಿ ಎಂದು ತನ್ನವರಿಗೆ ಆಜ್ಞೆ ಮಾಡಿತು. ನೀವು ಕಾಗದ ಬರೆಯಿರಿ. ‘56 ಎಪಿಒ’ ಎಂಬಂಥ ಸೇನಾ ಅಂಚೆ ಕಚೇರಿಯ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲ, ಆದರೂ ಕಾಗದ ಅವನ ಕೈ ಸೇರುತ್ತದೆ. ಪಕ್ಕದ ಮನೆಯ ಹುಡುಗನಿಗೆ ನಿಮ್ಮ ಮೊಬೈಲ್ ಕೊಡಬೇಡಿ.

ನನ್ನ ತಮ್ಮ ‘ಸೇನಾ ನೆಟ್‌ವರ್ಕ್ ತಜ್ಞ’ ಎಂಬ ಮೂರು ತಿಂಗಳ ಕೋರ್ಸ್‌ಗೆ ನಲವತ್ತು ಸಾವಿರ ಕಟ್ಟಿದ್ದಾನೆ. ಸರ್ಟಿಫಿಕೇಟ್ ಸಿಕ್ಕರೆ ನೇರ ನೇಮಕ ಎಂದಿದ್ದಾರೆ. ನಂಬಬಹುದೇ? (ಹುಮನಾಬಾದ್)

ಅವರ ಕೋಣೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರ್, ಗೋಡೆಗೆ ಟ್ಯಾಂಕಿನ ಚಿತ್ರ, ಮೇಜಿನ ಹಿಂದೆ ಮಿಲಿಟರಿ ಬಣ್ಣದ ಅಂಗಿ ತೊಟ್ಟ ಒಬ್ಬ ಮನುಷ್ಯ ಇರಬೇಕಲ್ಲವೇ? ಇಂಥವರನ್ನು ಕಂಡರೆ ನನ್ನ ರಕ್ತ ಕುದಿಯುತ್ತದೆ. ಖಾಸಗಿ ಸರ್ಟಿಫಿಕೇಟ್ ತೋರಿಸಿದರೆ ಸೇನೆ ಯಾರನ್ನೂ ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಭರ್ತಿಗೆ ಸರ್ಕಾರಿ ಜಾಲತಾಣದಲ್ಲಿ ಅರ್ಜಿ, ಪರೀಕ್ಷೆ, ಓಟ, ವೈದ್ಯಕೀಯ ತಪಾಸಣೆ ಇವೆ. ರಸೀದಿ ಇದ್ದರೆ ನಾಳೆಯೇ ಹೋಗಿ ಹಣ ಕೇಳಿ, ಕೊಡದಿದ್ದರೆ ಅದೇ ರಸೀದಿಯೊಂದಿಗೆ ಪೊಲೀಸ್ ಠಾಣೆಗೆ ಹೋಗಿ. ರಸೀದಿ ಇಲ್ಲವಾದರೆ, ಹಣ ಕೊಟ್ಟಾಗ ಜೊತೆಯಲ್ಲಿ ಯಾರಿದ್ದರು ಎಂದು ತಮ್ಮನಿಂದ ಇವತ್ತೇ ಬರೆಸಿಕೊಳ್ಳಿ, ತಾರೀಖು ಮತ್ತು ಸಮಯದ ಸಮೇತ.