ನೀಲಿ ಲೈಟ್ ಹಿಡಿದರೆ ಹಲ್ಲಿನ ಸಿಮೆಂಟ್ ಗಟ್ಟಿಯಾಗೋದು ಹೇಗೆ?

ಪ್ರಶ್ನೆ: ಡಾಕ್ಟರೇ, ಹೋದ ವಾರ ದವಡೆ ಹಲ್ಲಿನ ಹುಳುಕು ತೆಗೆಸಿ ಬಿಳಿ ಸಿಮೆಂಟ್ ತುಂಬಿಸಿಕೊಂಡೆ. ಮೊದಲು ಏನೋ ಆಸಿಡ್ ಹಚ್ಚಿ ತೊಳೆದರು. ಆಮೇಲೆ ಸ್ವಲ್ಪ ಸ್ವಲ್ಪವೇ ತುಂಬುತ್ತಾ ಪ್ರತಿ ಸಲವೂ ನೀಲಿ ಲೈಟ್ ಹಿಡಿದರು. ಒಂದೇ ಸಲ ತುಂಬಿ, ಜಾಸ್ತಿ ಹೊತ್ತು ಲೈಟ್ ಹಿಡಿದು ಒಣಗಿಸಿದ್ದರೆ ಆಗ್ತಿರಲಿಲ್ವಾ? ಆಸಿಡ್‌ನಿಂದ ಹಲ್ಲು ಹಾಳಾಗಲ್ವಾ?

ಉತ್ತರ: ಆ ಬೆಳಕು ಒಣಗಿಸುವುದಿಲ್ಲ. ಒಣಗೋಕೆ ಅದರಲ್ಲಿ ನೀರೇ ಇಲ್ಲ. ನೀವು ಸಿಮೆಂಟ್ ಅಂದದ್ದರ ಹೆಸರು ಕಾಂಪೋಸಿಟ್. ಅಂಟಂಟಾದ ರಾಳಕ್ಕೆ ಗಾಜಿನ ಅತಿ ನಯವಾದ ಪುಡಿ ಕಲಸಿರುತ್ತಾರೆ. ಅಮೆರಿಕದ ರಾಫೆಲ್ ಬೋವೆನ್ ರೂಪಿಸಿದ ಈ ರಾಳಕ್ಕೆ 1962ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಎಷ್ಟೋ ಫಿಲ್ಲಿಂಗ್‌ಗಳಲ್ಲಿ ಅದೇ ಇದೆ.

ಆ ರಾಳದೊಳಗೆ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಚೂರೇ ಚೂರು ಇರುತ್ತೆ. ಕರ್ಪೂರದ ಹತ್ತಿರದ ನೆಂಟ ಅನ್ನಿ. ಸುಮಾರು 470 ನ್ಯಾನೋಮೀಟರ್ ಅಲೆಯುದ್ದದ ನೀಲಿ ಬೆಳಕು ಬಿದ್ದರೆ ಇದು ಎಚ್ಚರಗೊಂಡು, ಬಿಡಿಬಿಡಿಯಾಗಿದ್ದ ರಾಳದ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡುತ್ತೆ. ಕುರ್ಚಿಯ ಮೇಲಿನ ದೊಡ್ಡ ದೀಪದಲ್ಲೂ ನೀಲಿ ಇದೆ. ಅದಕ್ಕೇ ತುಂಬುವಾಗ ನಾವು ಅದನ್ನು ಪಕ್ಕಕ್ಕೆ ಸರಿಸೋದು. ಇಲ್ಲದಿದ್ದರೆ ಕೈಯಲ್ಲಿರುವಾಗಲೇ ಬಿಗಿಯೋಕೆ ಶುರುವಾಗುತ್ತೆ.

ಇನ್ನು ಒಂದೇ ಸಲ ಯಾಕೆ ತುಂಬಲ್ಲ ಅನ್ನೋದು. ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಪ್ರಯೋಗಾಲಯದಲ್ಲಿ ಒಂದು ಸರಳ ಪರೀಕ್ಷೆ ಇದೆ. ಸ್ಟೀಲಿನ ಸಣ್ಣ ಕೊಳವೆಗೆ ಕಾಂಪೋಸಿಟ್ ತುಂಬಿ, ಒಂದು ತುದಿಗೆ ಲೈಟ್ ಹಿಡಿಯುತ್ತಾರೆ. ಹೊರಗೆ ತೆಗೆದರೆ ಬೆಳಕು ಬಿದ್ದ ತುದಿ ಉಗುರು ಊರದಷ್ಟು ಗಟ್ಟಿ. ಇನ್ನೊಂದು ತುದಿ ಮೆತ್ತಗಿನ ಮೇಣ. ಮೆತ್ತಗಿರುವಷ್ಟನ್ನು ಕೆರೆದು ತೆಗೆದು, ಉಳಿದ ಉದ್ದ ಅಳೆದು, ಅದರಲ್ಲಿ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕೆರೆದರೆ ಬರದಿದ್ದ ಮಾತ್ರಕ್ಕೆ ಪೂರ್ತಿ ಹೆಣೆದುಕೊಂಡಿದೆ ಅಂತಲ್ಲವಲ್ಲ! ಮಾಮೂಲಿ ಕಾಂಪೋಸಿಟ್ ಅನ್ನು 2 ಮಿಲಿಮೀಟರ್ ಪದರಗಳಲ್ಲಿ ತುಂಬೋದು ಇದಕ್ಕೇ. ಗಾಜಿನ ಪುಡಿ ಬೆಳಕನ್ನು ಚದುರಿಸುತ್ತೆ, ಕಾಂಪೋಸಿಟ್‌ನಲ್ಲಿರುವ ಬಣ್ಣ ಬೆಳಕನ್ನು ಹೀರುತ್ತೆ, ತಳಕ್ಕೆ ಹೋಗುವಷ್ಟರಲ್ಲಿ ಬೆಳಕಿನ ಕಸುವು ಉಳಿದಿರಲ್ಲ. ಬೆಳಕು ಜಾಸ್ತಿ ಒಳಗಿಳಿಯುವಂಥ, 4 ಮಿಲಿಮೀಟರ್‌ವರೆಗೆ ಒಮ್ಮೆಲೇ ತುಂಬಬಹುದಾದ ಬಗೆಗಳೂ ಈಗ ಬಂದಿವೆ.

ಇನ್ನೊಂದು ತೊಂದರೆ ಕುಗ್ಗೋದು. ಅಣುಗಳು ಹೆಣೆದುಕೊಳ್ಳುವಾಗ ಹತ್ತಿರ ಬರುತ್ತವೆ. ಹಾಗಾಗಿ ಕಾಂಪೋಸಿಟ್‌ನ ಗಾತ್ರ ನೂರಕ್ಕೆ ಸುಮಾರು 2ರಿಂದ 3ರಷ್ಟು ಇಳಿಯುತ್ತೆ. ಕೇಳೋಕೆ ಸಣ್ಣದು. ಆದರೆ ನಾಲ್ಕೂ ಕಡೆ ಹಲ್ಲಿಗೆ ಅಂಟಿಕೊಂಡೇ ಕುಗ್ಗುವಾಗ ಹಲ್ಲಿನ ಗೋಡೆಯನ್ನು ಒಳಕ್ಕೆ ಎಳೆಯುತ್ತೆ. ಅಂಟು ಸೋತರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಎಂಜಲು, ಬ್ಯಾಕ್ಟೀರಿಯಾ ನುಸುಳೋಕೆ ಅಷ್ಟು ಸಾಕು. ಸಣ್ಣ ಸಣ್ಣ ಪದರ ಹಾಕಿದರೆ ಈ ಎಳೆತ ಹಂಚಿಹೋಗುತ್ತೆ. "ಬೇಗ ಮುಗಿಸಿ ಡಾಕ್ಟರೇ" ಅನ್ನುವವರಿಗೆ ನಾನು ಹೇಳೋದು ಇಷ್ಟೇ: ಆ ಹತ್ತು ನಿಮಿಷ ದಯವಿಟ್ಟು ಕೊಡಿ.

ಆಸಿಡ್ ಬಗ್ಗೆ ಹೆದರಬೇಡಿ. ಅದು ಫಾಸ್ಫಾರಿಕ್ ಆಸಿಡ್, ಹಲ್ಲಿನ ಮೇಲಿರೋದು ಸೆಕೆಂಡುಗಳ ಲೆಕ್ಕದಲ್ಲಿ. ಲೋಹಕ್ಕೆ ಬಣ್ಣ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಇದನ್ನು ಹಚ್ಚುತ್ತಿದ್ದರು. ಹಲ್ಲಿಗೂ ಯಾಕಾಗಬಾರದು ಅಂತ ಅಮೆರಿಕದ ದಂತವೈದ್ಯ ಮೈಕೆಲ್ ಬೊನೊಕೋರ್ 1955ರಲ್ಲಿ ಮಾಡಿ ತೋರಿಸಿದರು. ತೊಳೆದು ಒಣಗಿಸಿದಾಗ ಎನಾಮಲ್, ಅಂದ್ರೆ ಹಲ್ಲಿನ ಗಟ್ಟಿ ಹೊರಪದರ, ಸುಣ್ಣ ಬಳಿದ ಹಾಗೆ ಮಂಕು ಬಿಳಿ ಕಾಣುತ್ತೆ. ಅಲ್ಲಿ ಕಣ್ಣಿಗೆ ಕಾಣದ ತೂತುಗಳು ಆಗಿರುತ್ತವೆ. ಅಂಟು ಒಳಗಿಳಿದು ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳೋದು ಅಲ್ಲೇ.

ತುಂಬಿಸಿದ ಮೇಲೆ ಕೆಲವು ದಿನ ತಣ್ಣಗಿನದು ತಾಗಿದರೆ ಜುಮ್ ಅನ್ನಬಹುದು, ತಾನಾಗಿ ಇಳಿಯುತ್ತೆ. ಕಚ್ಚಿದಾಗ ಮಾತ್ರ ನೋವು ಅಂದ್ರೆ ಫಿಲ್ಲಿಂಗ್ ಸ್ವಲ್ಪ ಎತ್ತರ ಆಗಿರಬಹುದು, ಹೋಗಿ ತೋರಿಸಿ. ಉಜ್ಜಿ ಸರಿ ಮಾಡೋಕೆ ಐದು ನಿಮಿಷ ಸಾಕು. ರಾತ್ರಿ ನಿದ್ದೆ ಕೆಡಿಸುವಂಥ ನೋವಾದರೆ ಕಾಯಬೇಡಿ, ಮಾರನೇ ದಿನವೇ ಹೋಗಿ.